ಇಂಗಾಲದ ನಾಲ್ಕು ಕೈಗಳು

ಮನೆಯ ಗೂಡಿನಲ್ಲಿಟ್ಟ ಮೇಣದಬತ್ತಿಯು ಹತ್ತು ವರ್ಷ ಕಳೆದರೂ ಕೆಡುವುದಿಲ್ಲ. ಗಾಳಿಯಾಗಲಿ ನೀರಾಗಲಿ ಅದನ್ನು ಮಾರ್ಪಡಿಸಲಾರವು. ಅದೇ ಮನೆಯಲ್ಲಿ, ಹುಲ್ಲಿನ ಅಡೆಯೊಳಗೆ ಮಾವಿನ ಕಾಯಿಗಳ ನಡುವೆ ಒಂದು ಮಾಗಿದ ಹಣ್ಣನ್ನಿಟ್ಟರೆ, ಅದರಿಂದ ಹೊರಡುವ ಕಣ್ಣಿಗೆ ಕಾಣದ ಅನಿಲವೊಂದು ಕೆಲವೇ ದಿನಗಳಲ್ಲಿ ಕಾಯಿಗಳನ್ನೆಲ್ಲ ಹಣ್ಣು ಮಾಡುವುದು. ಆ ಜಡವಾದ ಮೇಣವೂ ಈ ಚುರುಕಾದ ಅನಿಲವೂ ಒಂದೇ ಕುಲದವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಎರಡರಲ್ಲಿಯೂ ಇರುವುವು ಇಂಗಾಲ ಮತ್ತು ಜಲಜನಕಗಳೆರಡೇ. ಇಂತಹ ವಸ್ತುಗಳನ್ನು ರಸಾಯನಶಾಸ್ತ್ರಜ್ಞರು ಹೈಡ್ರೋಕಾರ್ಬನ್ನುಗಳೆಂದು ಕರೆಯುವರು.

ಒಂದೇ ಕುಲದಲ್ಲಿ ಇಷ್ಟು ಸ್ವಭಾವಭೇದವೇಕೆ? ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳೂ ಜಲಜನಕದ ಪರಮಾಣುವಿಗೆ ಒಂದು ಕೈಯೂ ಉಂಟೆಂದು ಭಾವಿಸೋಣ. ಇಂಗಾಲಗಳು ಒಂದೊಂದು ಕೈಯಿಂದ ಪರಸ್ಪರ ಹಿಡಿದು ಸರಪಳಿಯಾಗಿ ನಿಂತು, ಉಳಿದ ಕೈಗಳಿಂದೆಲ್ಲ ಜಲಜನಕವನ್ನು ಹಿಡಿದಿದ್ದರೆ, ಅಂತಹ ಹೈಡ್ರೋಕಾರ್ಬನ್ನು ಪರ್ಯಾಪ್ತವೆನಿಸುವುದು. ಅದಕ್ಕೆ ಇನ್ನಾರನ್ನೂ ಸೇರಿಸಿಕೊಳ್ಳಲು ಅವಕಾಶವಿಲ್ಲ. ಮೀಥೇನು, ಈಥೇನು, ಅಡುಗೆ ಅನಿಲದಲ್ಲಿ ಮುಖ್ಯವಾಗಿರುವ ಪ್ರೊಪೇನು ಮತ್ತು ಬ್ಯೂಟೇನು, ಮೇಣದಬತ್ತಿಯ ಪ್ಯಾರಫಿನ್ನು, ಇವೆಲ್ಲ ಈ ಜಾತಿಯವು. 1830ರಲ್ಲಿ ಪ್ಯಾರಫಿನ್ನನ್ನು ಬೇರ್ಪಡಿಸಿದ ಜರ್ಮನಿಯ ರೈಖೆನ್‌ಬಾಖನು ಲ್ಯಾಟಿನ್ ಭಾಷೆಯಿಂದ ಆಯ್ದ ಆ ಹೆಸರಿಗೆ ಅರ್ಥವೇ ‘ಬಾಂಧವ್ಯ ಕಡಿಮೆಯುಳ್ಳದ್ದು’ ಎಂದು.

ಎಥಿಲೀನಿನಲ್ಲಿ ಹಾಗಲ್ಲ. ಅಲ್ಲಿ ಎರಡು ಇಂಗಾಲಗಳು ಎರಡೆರಡು ಕೈಗಳಿಂದ ಒಂದನ್ನೊಂದು ಹಿಡಿದಿವೆ. ಅಸಿಟಲೀನಿನಲ್ಲಿ ಮೂರು ಮೂರು ಕೈಗಳಿಂದ. ಇವು ಅಪರ್ಯಾಪ್ತ ಹೈಡ್ರೋಕಾರ್ಬನ್ನುಗಳು. ಎರಡು ಕೈಗಳ ಹಿಡಿತವು ಒಂದು ಕೈಯದಕ್ಕಿಂತ ಎರಡು ಪಟ್ಟು ಬಲವಾಗಿರಬೇಕೆಂದು ತೋರಬಹುದು. ಆದರೆ ಒಂಟಿ ಬಂಧವನ್ನು ಬಿಡಿಸಲು ಒಂದು ಮೋಲಿಗೆ ಸುಮಾರು 350 ಕಿಲೋಜೂಲು ಶಕ್ತಿ ಬೇಕಾದರೆ, ಜೋಡಿ ಬಂಧವನ್ನು ಪೂರ್ತಿ ಬಿಡಿಸಲು 700ರ ಬದಲು ಸುಮಾರು 610 ಸಾಕು. ಎಂದರೆ ಎರಡನೆಯ ಹಿಡಿತವು ಮೊದಲನೆಯದಕ್ಕಿಂತ ಸಡಿಲವಾದುದು. ಹೊಸಬನೊಬ್ಬನು ಬಳಿಗೆ ಬಂದರೆ ಇಂಗಾಲಗಳು ಆ ಕೈಯನ್ನು ಬಿಟ್ಟು ಅವನನ್ನು ಹಿಡಿದುಕೊಳ್ಳುವುವು.

ಇದನ್ನು ಪ್ರಯೋಗಶಾಲೆಯಲ್ಲಿ ಕಣ್ಣಾರೆ ನೋಡಬಹುದು. ಕಂದುಬಣ್ಣದ ಬ್ರೋಮೀನ್ ನೀರಿನೊಳಗೆ ಎಥಿಲೀನನ್ನು ಹಾಯಿಸಿದರೆ ಕ್ಷಣಮಾತ್ರದಲ್ಲಿ ಬಣ್ಣ ಮಾಯವಾಗುವುದು. ಕತ್ತಲೆಯಲ್ಲಿ ಈಥೇನನ್ನು ಹಾಯಿಸಿದರೆ ಬಣ್ಣವು ಇದ್ದಂತೆಯೇ ಇರುವುದು. ಬಿಸಿಲಿನಲ್ಲಿಟ್ಟರೆ ಮಾತ್ರ ಬ್ರೋಮೀನು ಒಂದು ಜಲಜನಕವನ್ನು ಹೊರಗಟ್ಟಿ ಅದರ ಸ್ಥಾನದಲ್ಲಿ ಮೆಲ್ಲಮೆಲ್ಲನೆ ಸೇರಿಕೊಳ್ಳುವುದು. ಅಪರ್ಯಾಪ್ತದಲ್ಲಿ ನಡೆಯುವುದು ಸೇರ್ಪಡೆ. ಪರ್ಯಾಪ್ತದಲ್ಲಿ ನಡೆಯುವುದು ಪಲ್ಲಟ. ಆದರೆ ಜಡವೆಂದ ಮಾತ್ರಕ್ಕೆ ಪರ್ಯಾಪ್ತವು ಬೆಂಕಿಗೆ ಹೆದರಬೇಕಾದುದಲ್ಲವೆಂದು ತಿಳಿಯಬಾರದು. ಕಿಡಿ ತಗಲಿದರೆ ಎರಡು ಜಾತಿಗಳೂ ಉರಿಯುವುವು.

ಈ ಭೇದವು ಗೃಹಸ್ಥನಿಗೆ ಮುಖ್ಯವಾಗುವುದು ಹಣ್ಣಿನಂಗಡಿಯಲ್ಲಿ. ಮಾಗುವ ಹಣ್ಣು ತಾನೇ ಎಥಿಲೀನನ್ನು ಹೊರಸೂಸುವುದು. ಹಣ್ಣಿನ ಜೀವಕೋಶಗಳಲ್ಲಿ ಈ ಅನಿಲವನ್ನು ಗುರುತಿಸುವ ಪ್ರೋಟೀನುಗಳಲ್ಲಿ ತಾಮ್ರದ ಅಂಶವುಂಟು. ಅದರೊಡನೆ ಎಥಿಲೀನು ಕೂಡುವುದು ಆ ಜೋಡಿ ಬಂಧದ ಮೂಲಕವೇ. ಜೋಡಿ ಬಂಧವಿಲ್ಲದ ಈಥೇನಿನಿಂದ ಈ ಕಾರ್ಯವಾಗದು. ಅಪರ್ಯಾಪ್ತವಾದ ಅಸಿಟಲೀನು ಮಾತ್ರ ಎಥಿಲೀನಿನ ವೇಷವನ್ನು ಧರಿಸಬಲ್ಲುದು. ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಗಲಿದರೆ ಅಸಿಟಲೀನು ಹುಟ್ಟುವುದೆಂಬುದನ್ನು ವೋಲರನು 1862ರಲ್ಲಿಯೇ ತೋರಿಸಿದ್ದನು. ಲಾಭದಾಸೆಯ ವರ್ತಕರು ಕಾರ್ಬೈಡಿನ ಪೊಟ್ಟಣಗಳನ್ನು ಕಾಯಿಗಳ ನಡುವೆ ಅಡಗಿಸಿಡುವುದು ಇದಕ್ಕಾಗಿಯೇ. ಆದರೆ ಅಂಗಡಿಯ ಕಾರ್ಬೈಡು ಶುದ್ಧವಲ್ಲ. ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳಿದ್ದು, ಅವುಗಳಿಂದ ವಿಷಾನಿಲಗಳು ಹುಟ್ಟುವುವು. ಆದುದರಿಂದಲೇ ಭಾರತದ 2011ರ ಆಹಾರ ಸುರಕ್ಷತಾ ನಿಬಂಧನೆಗಳು ಹೀಗೆ ಮಾಗಿಸಿದ ಹಣ್ಣಿನ ಮಾರಾಟವನ್ನು ನಿಷೇಧಿಸಿವೆ. 2016ರಲ್ಲಿ ಎಥಿಲೀನ್ ಅನಿಲಕ್ಕೆ, ಹತ್ತು ಲಕ್ಷ ಭಾಗಕ್ಕೆ 100 ಭಾಗ ಮೀರದಂತೆ, ಅನುಮತಿ ದೊರೆಯಿತು. ನಮ್ಮ ಹಿರಿಯರ ಹುಲ್ಲಿನ ಅಡೆಗೆ ಈ ಯಾವ ಅನುಮತಿಯೂ ಬೇಕಿಲ್ಲ. ಹಣ್ಣು ತಾನೇ ಬಿಟ್ಟ ಎಥಿಲೀನನ್ನು ಹುಲ್ಲು ಹಿಡಿದಿಡುವುದು, ಅಷ್ಟೆ.

ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. 1933ರಲ್ಲಿ ಇಂಗ್ಲೆಂಡಿನಲ್ಲಿ ಫಾಸೆಟ್ ಮತ್ತು ಗಿಬ್ಸನ್ ಎಂಬಿಬ್ಬರು ಎಥಿಲೀನನ್ನು ಅತಿಯಾದ ಒತ್ತಡಕ್ಕೆ ಗುರಿಮಾಡಿದಾಗ ಮೇಣದಂತಹ ಬಿಳಿಯ ಘನವಸ್ತುವೊಂದು ದೊರೆಯಿತು. ಸಾವಿರಾರು ಎಥಿಲೀನ್ ಅಣುಗಳು ತಂತಮ್ಮ ಎರಡನೆಯ ಹಿಡಿತವನ್ನು ಬಿಟ್ಟು, ನೆರೆಯವರ ಕೈ ಹಿಡಿದು, ಉದ್ದವಾದ ಸರಪಳಿಯಾಗಿದ್ದುವು. ಅದೇ ಪಾಲಿಥೀನು. ಚುರುಕಾದ ಎಥಿಲೀನು ಕೈಗಳೆಲ್ಲ ತುಂಬಿದೊಡನೆ ಮೇಣದಬತ್ತಿಯಂತೆ ಜಡವಾಯಿತು. ಹಾಲು ಮೊಸರುಗಳನ್ನು ಅದರ ಚೀಲದಲ್ಲಿ ನಿರ್ಭಯವಾಗಿ ತುಂಬುವುದು ಈ ಜಡತ್ವದ ಬಲದಿಂದಲೇ. ಅದೇ ಚೀಲವು ತಿಪ್ಪೆಯಲ್ಲಿ ಕೊಳೆಯದೆ ಉಳಿಯುವುದೂ, ಅದನ್ನು ನುಂಗಿದ ಹಸುವಿನ ಹೊಟ್ಟೆಯಲ್ಲಿ ಜೀರ್ಣವಾಗದೆ ಅದರ ಪ್ರಾಣಕ್ಕೆ ಎರವಾಗುವುದೂ ಅದೇ ಜಡತ್ವದಿಂದ.

ಆದುದರಿಂದ ಚುರುಕುತನವನ್ನು ಗುಣವೆಂದಾಗಲಿ ಜಡತ್ವವನ್ನು ದೋಷವೆಂದಾಗಲಿ ಎಣಿಸುವಂತಿಲ್ಲ. ಹಣ್ಣನ್ನು ಕೊಳ್ಳುವಾಗ ಅದನ್ನು ಮಾಗಿಸಿದ್ದು ಯಾವುದೆಂದು ವಿಚಾರಿಸುವುದೂ, ಸಂತೆಗೆ ಹೋಗುವಾಗ ಬಟ್ಟೆಯ ಚೀಲವನ್ನು ಒಯ್ಯುವುದೂ, ಎಂಜಲನ್ನು ಪಾಲಿಥೀನಿನಲ್ಲಿ ಕಟ್ಟಿ ಬೀದಿಗೆ ಎಸೆಯದಿರುವುದೂ ಪ್ರತಿಯೊಂದು ಸಂಸಾರಕ್ಕೂ ಸಾಧ್ಯವಾದ ಕೆಲಸಗಳು.