ಏಣಿಗೆ ಎಂಥ ಗಾಲಿ?

ಮಗನಿಗೆ ಟೆಕ್ನೋಪಾರ್ಕಿನಲ್ಲಿ ಉದ್ಯೋಗವಾದ ಮೇಲೆ ನಮ್ಮ ಸಂಸಾರ ಕಳಕ್ಕೂಟಂಗೆ ಬಂತು. ಬಾಡಿಗೆಗೆ ಸಿಕ್ಕ ಮನೆಯ ನಡುಕೋಣೆ ಎರಡಂತಸ್ತಿನ ಎತ್ತರದ್ದು. ನೋಡುವುದಕ್ಕೆ ಬಲು ಚೆಂದ. ಫ್ಯಾನಿನ ಧೂಳು ಒರೆಸುವುದಕ್ಕೆ ಮಾತ್ರ ಶಿಕ್ಷೆ. ಆದಕಾರಣ ಮೇಲೆ ನಿಲ್ಲಲು ಹಲಗೆಯಿರುವ ಕಬ್ಬಿಣದ ಏಣಿಯೊಂದನ್ನು ವೆಲ್ಡಿಂಗಿನವರಿಂದ ಮಾಡಿಸಿದೆವು. (ಏಣಿಗೆ ಇಲ್ಲಿಯವರೂ ಏಣಿಯೆಂದೇ ಅನ್ನುತ್ತಾರೆ, ಮಲೆಯಾಳ ಬಾರದ ನನಗೆ ಅಷ್ಟು ಅನುಕೂಲ.) ತೂಗಿದರೆ 70 ಕಿಲೋ. ಎತ್ತಿ ಇಡುವವರಾರು? ನಾಲ್ಕು ಕಾಲಿಗೂ ತಿರುಗುವ ಗಾಲಿ ಹಾಕಿಸಿ, ದೊಡ್ಡ ಜಾಣತನ ಮಾಡಿದೆನೆಂದು ಬೀಗಿದೆ.

ದೀಪಾವಳಿಗೆ ಮುಂಚೆ ಸೊಸೆ ಮೇಲೆ ನಿಂತು ರೆಕ್ಕೆ ಒರೆಸುತ್ತಿದ್ದಳು. ಗಾಲಿಗಳ ಬ್ರೇಕನ್ನು ನಾನೇ ಒತ್ತಿದ್ದೆ. ಆಕೆ ತುಸು ಬಲಕ್ಕೆ ವಾಲಿದಳು. ಗಾಲಿ ಉರುಳಲಿಲ್ಲ, ಆದರೆ ನಿಂತಲ್ಲೇ ಗಿರಕ್ಕನೆ ಹೊರಳಿತು. ಏಣಿ ನಾಲ್ಕು ಬೆರಳು ಸರಿಯಿತು. ಕಂಬಿ ಕೈಗೆ ಸಿಕ್ಕಿತು, ಬಿದ್ದಿಲ್ಲ. ಅಂದಿನಿಂದ ಗಾಲಿಯ ವಿಚಾರವನ್ನು ನಾನು ಪಾಠದಂತೆ ಓದಿದೆ.

ತಿರುಗುವ ಗಾಲಿಯ ಅಚ್ಚು ಅದರ ಗೂಟಕ್ಕೆ ನೇರ ಕೆಳಗಿರುವುದಿಲ್ಲ, ಕೊಂಚ ಹಿಂದಿರುತ್ತದೆ. ತಳ್ಳಿದತ್ತ ಅದು ತಾನಾಗಿ ಮುಖಮಾಡುವುದು ಇದರಿಂದಲೇ. ಚಲಿಸುವಾಗ ಗುಣವಾದದ್ದು ನಿಂತಾಗ ದೋಷ. ಸಾಮಾನ್ಯ ಬ್ರೇಕು ಉರುಳುವುದನ್ನು ತಡೆದೀತು, ಹೊರಳುವುದನ್ನು ತಡೆಯದು. ಎರಡನ್ನೂ ಹಿಡಿಯುವ ಬ್ರೇಕು ಬೇರೆ ಉಂಟು. ಅಂಗಡಿಯಲ್ಲಿ ‘ಟೋಟಲ್ ಲಾಕ್’ ಎಂದು ಕೇಳಬೇಕು. ತೇರಿನ ದಿನ ನಮ್ಮ ಹಿರಿಯರು ಹಗ್ಗ ಹಿಡಿದ ನೂರಾರು ಜನರಿಗಿಂತ ಗಾಲಿಗೆ ಸನ್ನೆ ಕೊಡುವ ಇಬ್ಬರ ಮೇಲೆಯೇ ಕಣ್ಣಿಟ್ಟಿರುತ್ತಿದ್ದುದು ನನಗೆ ಆಗ ನೆನಪಾಯಿತು.

ತಪ್ಪು ಗಾಲಿಯದೊಂದೇ ಅಲ್ಲ. ಅಮೆರಿಕದಲ್ಲಿ ಕೆಲಸದ ಸ್ಥಳಗಳ ಗಾಲಿಯೇಣಿಗೆ ಒಂದು ನಿಯಮವಿದೆ: ಬೇರೆ ಆಧಾರವಿಲ್ಲದಿದ್ದರೆ ನಿಲ್ಲುವ ಹಲಗೆಯ ಎತ್ತರವು ತಳದ ಕಿರಿಯ ಅಳತೆಯ ನಾಲ್ಕು ಪಟ್ಟನ್ನು ಮೀರಬಾರದು. ನಮ್ಮದು 9 ಅಡಿ ಎತ್ತರಕ್ಕೆ 2 ಅಡಿ ತಳ, ನಪಾಸು! ಪಟ್ಟಿ ಬೆಸೆಸಿ ತಳವನ್ನು 3 ಅಡಿ ಮಾಡಿಸಿದೆ. ತೂಕ 75 ಕಿಲೋ ಆಯಿತು.

ಭಾರದ ಲೆಕ್ಕದಲ್ಲಿಯೂ ನಾನು ಎಡವಿದ್ದೆ. ಏಣಿ 75, ಮನುಷ್ಯ 75, ಸಾಮಾನು 10, ಒಟ್ಟು 160 ಕಿಲೋ. ನಾಲ್ಕು ಗಾಲಿಯೆಂದು ನಾಲ್ಕರಿಂದ ಭಾಗಿಸಬಾರದು. ನೆಲ ಸಮವಿಲ್ಲದೆ ಒಂದು ಗಾಲಿ ಎದ್ದು ನಿಲ್ಲುವುದುಂಟು, ಆದ್ದರಿಂದ ಮೂರರಿಂದಲೇ ಭಾಗಿಸಬೇಕು: ಸುಮಾರು 53. ಮೇಲಿನವರು ಒಂದು ಪಕ್ಕಕ್ಕೆ ವಾಲಿದರೆ ಅದೂ ಸಾಲದು. ಒಂದೊಂದೂ 100 ಕಿಲೋ ತಾಳುವಂಥದಾದರೆ ಮನಸ್ಸಿಗೆ ನೆಮ್ಮದಿ. ಗಾಲಿ ದೊಡ್ಡದಾದಷ್ಟೂ ಹೊಸ್ತಿಲು, ಟೈಲಿನ ಸಂದುಗಳನ್ನು ಸುಲಭವಾಗಿ ದಾಟುತ್ತದೆ.

ನೈಲಾನ್ ಗಾಲಿ ಹಗುರವಾಗಿ ಓಡುತ್ತದೆ, ಆದರೆ ಸದ್ದು ಹೆಚ್ಚು, ನೆಲಕ್ಕೆ ಗೀರು. ಕರಿ ರಬ್ಬರು ಮೆತ್ತಗೆ, ಕಲೆ ಬಿಡುತ್ತದೆ. ಪಾಲಿಯುರಿಥೇನ್ ಒಳ್ಳೆಯದೆನ್ನುತ್ತಾರೆ, ಒಪ್ಪಿದೆ. ಆದರೆ ಕಪಾಟಿನಲ್ಲಿಟ್ಟ ಬೂಟಿನ ಅಟ್ಟೆ ಒಂದು ದಿನ ಪುಡಿಪುಡಿಯಾಗಿ ಉದುರುವುದನ್ನು ಕಂಡಿದ್ದೀರಲ್ಲ, ಅದು ಇದೇ ಜಾತಿಯ ವಸ್ತು. ಜೂನಿನ ಮಳೆ ಮುಗಿಯಿತೆನ್ನುವಾಗ ತುಲಾಮಾಸದ ಮಳೆ ಹಿಡಿಯುವ ಈ ಊರಿನ ತೇವಕ್ಕೆ ಪಾಲಿಯೀಥರ್ ಬಗೆಯದನ್ನೇ ಕೇಳಿ ಕೊಳ್ಳಬೇಕು. ಕಡಲು ಹತ್ತಿರ, ಚೌಕಟ್ಟು ಸ್ಟೇನ್‌ಲೆಸ್ ಆದರೆ ಲೇಸು.

ಕೊನೆಗೆ ನಾನು ಆರಿಸಿದ್ದು ಸ್ಪ್ರಿಂಗ್ ಗಾಲಿ. ಏಣಿ ಖಾಲಿಯಿದ್ದಾಗ ಗಾಲಿಗಳ ಮೇಲೆ ನಿಲ್ಲುತ್ತದೆ. ಜನ ಹತ್ತಿದೊಡನೆ ಗಾಲಿ ಒಳಸೇರಿ, ರಬ್ಬರು ಕಟ್ಟಿದ ಕಾಲುಗಳು ನೆಲಕ್ಕೆ ಊರುತ್ತವೆ. ಬ್ರೇಕು ಮರೆತರೂ ಭಯವಿಲ್ಲ. ಆದರೆ ಸ್ಪ್ರಿಂಗು ಏಣಿಯನ್ನು ಎತ್ತುವಷ್ಟು ಗಟ್ಟಿಯಿರಬೇಕು, ಹಗುರ ಮನುಷ್ಯರಿಗೂ ಬಗ್ಗುವಷ್ಟು ಮೆತ್ತಗಿರಬೇಕು. ನಾನು ಹತ್ತಿದಾಗ ಕಾಲು ಊರಿತು. 42 ಕಿಲೋದ ಸೊಸೆ ಮೊದಲ ಮೆಟ್ಟಿಲಲ್ಲಿ ನಿಂತಾಗ ಊರಲಿಲ್ಲ! ಮೆತ್ತನೆಯ ಸ್ಪ್ರಿಂಗಿನವಕ್ಕೆ ಬದಲಾಯಿಸಿ ತಂದೆ. ಚಾಲೆ ಪೇಟೆಗೆ ಹೋಗುವವರು ಏಣಿಯ ತೂಕದ ಜೊತೆಗೆ ಮನೆಯಲ್ಲಿ ಎಲ್ಲರಿಗಿಂತ ಹಗುರಾದವರ ತೂಕವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.