ನಿಮಗಿದು ಗೊತ್ತೇ? ಸೋಯಾ ಚೀನಾಕ್ಕೆ, ಕಾರ್ಡು ಅಮ್ಮನಿಗೆ

● ಬ್ರೆಜಿಲ್‌ನ ಅತಿ ದೊಡ್ಡ ವ್ಯಾಪಾರ ಪಾಲುದಾರ ಅಮೆರಿಕ ಅಲ್ಲ, ಭೂಗೋಳದ ಆಚೆ ಬದಿಯ ಚೀನಾ. 2009ರಲ್ಲಿ ಅಮೆರಿಕವನ್ನು ಹಿಂದಿಕ್ಕಿದ ಚೀನಾ ಆ ಜಾಗವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಹಡಗು ಹಡಗಾಗಿ ಹೋಗುವ ಸರಕು ಮುಖ್ಯವಾಗಿ ಮೂರು: ಸೋಯಾ, ಕಬ್ಬಿಣದ ಅದಿರು, ಕಚ್ಚಾ ತೈಲ.

● ಈ ಸೋಯಾ ಬಹುಪಾಲು ಚೀನಾದ ಹಂದಿ, ಕೋಳಿಗಳ ಹೊಟ್ಟೆಗೆ. ಅದು ಬೆಳೆಯುವ ಸೆರಾಡೊ ಬಯಲು ಅರ್ಧ ಶತಮಾನದ ಹಿಂದೆ ಯಾರೂ ಕಣ್ಣೆತ್ತಿ ನೋಡದ ಹುಳಿ ಮಣ್ಣು. 1973ರಲ್ಲಿ ಶುರುವಾದ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಆ ನೆಲಕ್ಕೆ ಸುಣ್ಣ ಹಾಕಿಸಿತು, ಬಿಸಿ ಸೀಮೆಗೆ ಒಗ್ಗುವ ತಳಿ ಕೊಟ್ಟಿತು. ಸುಣ್ಣದ ಉಪಾಯ ನಮ್ಮ ಮಲೆನಾಡಿನ ತೋಟದವರಿಗೂ ಗೊತ್ತು. ಆದರೆ ಸೆರಾಡೊದ ಸಹಜ ಹಸಿರಿನಲ್ಲಿ ಸುಮಾರು ಅರ್ಧ ಈಗ ಇಲ್ಲ.

● 2003ರಲ್ಲಿ ಅಧ್ಯಕ್ಷ ಲೂಲಾ ಹಿಂದಿನ ಚೂರುಪಾರು ಯೋಜನೆಗಳನ್ನೆಲ್ಲ ಸೇರಿಸಿ 'ಬೋಲ್ಸಾ ಫಮೀಲಿಯಾ' ಆರಂಭಿಸಿದರು. ಬಡ ಕುಟುಂಬಕ್ಕೆ ತಿಂಗಳು ತಿಂಗಳು ನಗದು. ಕಾರ್ಡು ಹೆಚ್ಚಾಗಿ ತಾಯಿಯ ಹೆಸರಿನಲ್ಲಿ. ಗೃಹಲಕ್ಷ್ಮಿ ಕಂಡ ನಮಗೆ ಇಲ್ಲಿಯವರೆಗೆ ಹೊಸದೇನಿಲ್ಲ. ಆದರೆ ಅಲ್ಲಿ ಷರತ್ತುಂಟು. ಆರು ವರ್ಷ ದಾಟಿದ ಮಕ್ಕಳಿಗೆ ಶಾಲೆಯಲ್ಲಿ ಕನಿಷ್ಠ ಶೇ 75 ಹಾಜರಿ ಇರಬೇಕು, ಲಸಿಕೆ ತಪ್ಪಬಾರದು, ಗರ್ಭಿಣಿ ತಪಾಸಣೆಗೆ ಹೋಗಬೇಕು. 2023ರಿಂದ ಕುಟುಂಬಕ್ಕೆ ಕನಿಷ್ಠ 600 ರಿಯಾಲ್, ಏಳು ತುಂಬದ ಪ್ರತಿ ಮಗುವಿಗೆ ಇನ್ನೂ 150. ಯೋಜನೆಯ ಮೊದಲ ದಶಕದಲ್ಲಿ ಸೋಯಾ, ಅದಿರಿಗೆ ಬಂದ ಭರ್ಜರಿ ಬೆಲೆ ಖಜಾನೆಯನ್ನು ತುಂಬಿಸಿತ್ತು, ನಿಜ. ಆದರೂ ಆಗ ಯೋಜನೆಗೆ ತಗಲಿದ್ದು ಜಿಡಿಪಿಯ ಶೇ ಅರ್ಧದಷ್ಟು ಮಾತ್ರ! 'ಬಿಟ್ಟಿ ಭಾಗ್ಯ' ಎಂಬ ಗೊಣಗಾಟ ಅಲ್ಲೂ ತಪ್ಪಲಿಲ್ಲ ಅನ್ನಿ.

● ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಕೊನೆಗೆ ಬಿಟ್ಟ ದೇಶ ಬ್ರೆಜಿಲ್. 1888ರ ಮೇ 13ರಂದು ರಾಜಕುಮಾರಿ ಇಸಬೆಲ್ ಸಹಿ ಹಾಕಿದ ಆ ಕಾಯ್ದೆಯಲ್ಲಿದ್ದದ್ದು ಎರಡೇ ಕಲಮು. ಬಿಡುಗಡೆಯಾದವರಿಗೆ ಒಂದು ತುಂಡು ಜಮೀನೂ ಸಿಗಲಿಲ್ಲ.

● ಜೀತ ಇವತ್ತಿಗೂ ಪೂರಾ ಹೋಗಿಲ್ಲ. 1995ರಿಂದ ಸಂಚಾರಿ ತಪಾಸಣಾ ತಂಡಗಳು ಜಾನುವಾರು ಫಾರಂ, ಕಬ್ಬಿನ ಗದ್ದೆ, ಇದ್ದಿಲು ಗೂಡುಗಳಿಂದ 60,000ಕ್ಕೂ ಹೆಚ್ಚು ಜನರನ್ನು ಬಿಡಿಸಿವೆ. ಸಿಕ್ಕಿಬಿದ್ದ ಮಾಲೀಕರ ಹೆಸರನ್ನು ಸರ್ಕಾರವೇ ಪ್ರಕಟಿಸುತ್ತದೆ. ಜನ ಅದಕ್ಕೆ ಇಟ್ಟ ಹೆಸರು 'ಕೊಳಕು ಪಟ್ಟಿ'. ಅದರಲ್ಲಿ ಹೆಸರು ಬಂದರೆ ಬ್ಯಾಂಕು ಸಾಲ ಕೊಡಲು ಹಿಂದೆಗೆಯುತ್ತದೆ, ದೊಡ್ಡ ಖರೀದಿದಾರ ದೂರ ಸರಿಯುತ್ತಾನೆ. ದಂಡಕ್ಕಿಂತ ಈ ಪೆಟ್ಟೇ ಜೋರು.

● ಮನೆಗೆಲಸದವರಿಗೂ ವಾರಕ್ಕೆ 44 ಗಂಟೆಯ ಮಿತಿ, ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಸಂಬಳ: 2013ರಲ್ಲಿ ಇದಕ್ಕಾಗಿ ಬ್ರೆಜಿಲ್ ಸಂವಿಧಾನವನ್ನೇ ತಿದ್ದಿತು.

● ಆ ತಿದ್ದುಪಡಿಯ ಕಾಲದಲ್ಲಿ ಬ್ರೆಜಿಲ್ ಅಧ್ಯಕ್ಷೆಯಾಗಿದ್ದ ಡಿಲ್ಮಾ ರೂಸೆಫ್ 2023ರಲ್ಲಿ ಶಾಂಘೈನಲ್ಲಿರುವ ಬ್ರಿಕ್ಸ್ ದೇಶಗಳ ಬ್ಯಾಂಕಿನ ಮುಖ್ಯಸ್ಥೆಯಾದರು. 2015ರಲ್ಲಿ ಆ ಕುರ್ಚಿಯಲ್ಲಿ ಮೊದಲು ಕೂತವರು ನಮ್ಮ ಮಂಗಳೂರಿನ, ಸುರತ್ಕಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಕೆ.ವಿ. ಕಾಮತ್.

● ಬ್ರೆಜಿಲ್ ಇರುವ ಮೆರ್ಕೊಸೂರ್ ವ್ಯಾಪಾರ ಕೂಟದೊಂದಿಗೆ ಭಾರತದ ಸುಂಕ ರಿಯಾಯಿತಿ ಒಪ್ಪಂದ 2009ರಿಂದ ಜಾರಿಯಲ್ಲಿದೆ. ಎರಡೂ ಕಡೆ ಸುಮಾರು 450 ಸರಕು, ಅಷ್ಟೆ.

● ಬ್ರೆಜಿಲ್ ಮಾರುವುದು ಬರೀ ಕಾಳು, ಕಲ್ಲಲ್ಲ. ಬೆಂಗಳೂರಿನ ಸ್ಟಾರ್ ಏರ್ 2019ರ ಜನವರಿಯಲ್ಲಿ ಮೊದಲ ಸಲ ಹುಬ್ಬಳ್ಳಿಗೆ ಹಾರಿಸಿದ 50 ಸೀಟಿನ ವಿಮಾನ ಬ್ರೆಜಿಲ್‌ನ ಎಂಬ್ರೇರ್ ಕಂಪನಿಯದು.