ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಶಬ್ದಗಳ ಸ್ಪಷ್ಟತೆ

ಹೊಲದಲ್ಲಿ ಬಿತ್ತಿದುದು ಒಂದು, ಸರಕಾರದ ದಫ್ತರದಲ್ಲಿ ದಾಖಲಾದುದು ಮತ್ತೊಂದು ಎಂಬ ತಕರಾರು ಬಾದಾಮಿ ತಾಲೂಕಿನ ಒಕ್ಕಲಿಗರಿಗೆ ಹೊಸದಲ್ಲ. 2020ನೆಯ ಇಸವಿಯ ಮುಂಗಾರಿನಿಂದ ಒಕ್ಕಲಿಗನು ತಾನೇ ತನ್ನ ಮೊಬೈಲ್ ಫೋನಿನ ಆ್ಯಪ್‌ನಲ್ಲಿ ಸರ್ವೆ ನಂಬರು, ಬೆಳೆಯ ಹೆಸರು, ವಿಸ್ತೀರ್ಣ ಇವುಗಳನ್ನು ತುಂಬಿ, ಹೊಲದಲ್ಲಿ ನಿಂತು ಬೆಳೆಯ ಚಿತ್ರವನ್ನು ತೆಗೆದು ಕಳುಹಿಸುವ ಏರ್ಪಾಡಾಗಿರುತ್ತದೆ. ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ನೆರೆ-ಬರಗಳ ಪರಿಹಾರ ಇವೆಲ್ಲಕ್ಕೂ ಈ ದಾಖಲೆಯೇ ಆಧಾರವಾಗಿರುವುದರಿಂದ, ಪರದೆಯ ಮೇಲಿನ ಒಂದು ಶಬ್ದವನ್ನು ತಪ್ಪಾಗಿ ತಿಳಿದರೆ ಆಗುವ ಹಾನಿಯು ಅಲ್ಪವಾದುದಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ದಂಡೆಯ ಹೊಲಗಳನ್ನು ಮುಳುಗಿಸಿದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ತೊಡಕು ಬೆಳೆಯ ಹೆಸರಿನದೇ. ಮೈಸೂರು ಸೀಮೆಯವರು ಮುಸುಕಿನ ಜೋಳ ಎನ್ನುವುದನ್ನು ಇತ್ತಲಿನವರು ಗೋವಿನಜೋಳ ಎನ್ನುವರು. ಬರಿಯ ಜೋಳವೆಂದರೆ ಇಲ್ಲಿ ರೊಟ್ಟಿಯ ಜೋಳವೇ ಸರಿ. ಪಟ್ಟಿಯಲ್ಲಿ ಮುಸುಕಿನ ಜೋಳ, ಜೋಳ ಎಂಬ ಎರಡೇ ಹೆಸರುಗಳಿದ್ದರೆ ಗೋವಿನಜೋಳ ಬಿತ್ತಿದವನು ಯಾವುದನ್ನು ಒತ್ತಬೇಕು? ಅದರಂತೆಯೇ ನೆಲಗಡಲೆ ಎಂದರೆ ಶೇಂಗಾ ಎಂದು ತಿಳಿಯದವನು ಕಡಲೆಯನ್ನು ಆರಿಸಿದರೆ ಆಶ್ಚರ್ಯವಿಲ್ಲ. ಹೆಸರು ಬೆಳೆದವನ ಗೋಳಂತೂ ನಗೆ ಬರಿಸುವಂಥದು: ‘ಹೆಸರು’ ಎಂದು ಕೇಳಿದಲ್ಲಿ ಕಾಳನ್ನು ಹೇಳಬೇಕೋ ತನ್ನ ನಾಮಧೇಯವನ್ನು ಬರೆಯಬೇಕೋ! ‘ಬೆಳೆಗಾರನ ಹೆಸರು’ ಮತ್ತು ‘ಹೆಸರು ಕಾಳು’ ಎಂದು ಬರೆದರೆ ಸಂದೇಹವು ಅಲ್ಲಿಗೇ ಹರಿಯುವುದು. ಪ್ರತಿಯೊಂದು ಬೆಳೆಗೂ ಎರಡೂ ಸೀಮೆಗಳ ಹೆಸರುಗಳನ್ನು ಜೊತೆಯಾಗಿ ಕೊಡುವುದು ಕಷ್ಟದ ಕೆಲಸವೇನೂ ಅಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಕಾಲದ ಸಂಸ್ಕೃತ ಶಾಸನವಿರುವಂತೆ ಕನ್ನಡ ಶಾಸನವೂ ಇರುವುದನ್ನು ಈ ಊರಿನವರು ಬಲ್ಲರು.

ವಿಸ್ತೀರ್ಣದ ವಿಷಯವು ಇನ್ನೂ ಸೂಕ್ಷ್ಮವಾದುದು. ಉತಾರದಲ್ಲಿ 2-20 ಎಂದಿದ್ದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನೇ ಒಂದೇ ಮನೆಯಲ್ಲಿ 2.20 ಎಂದು ತುಂಬಿ, ಯಂತ್ರವು ದಶಾಂಶವೆಂದು ಗ್ರಹಿಸಿದರೆ 2 ಎಕರೆ 8 ಗುಂಟೆಯಾಗುವುದು. 12 ಗುಂಟೆ ಲೆಕ್ಕದಿಂದಲೇ ಮಾಯವಾದಂತೆ. ಆದಕಾರಣ ‘ಎಕರೆ’ ಎಂದೊಂದು ಮನೆ, ‘ಗುಂಟೆ’ ಎಂದು ಇನ್ನೊಂದು ಮನೆ ಬೇರೆ ಬೇರೆಯಾಗಿ ಇರತಕ್ಕದ್ದು.

ಗುಂಡಿಗಳ ಮೇಲಿನ ಶಬ್ದಗಳನ್ನೂ ಗಮನಿಸಬೇಕು. ‘ಉಳಿಸು’ ಎಂಬುದನ್ನು ಒತ್ತಿದ ಕೂಡಲೆ ಕೆಲಸ ಮುಗಿಯಿತೆಂದು ಒಕ್ಕಲಿಗನು ಮನೆಗೆ ಹೋಗುವನು. ಆದರೆ ವಿವರವು ಫೋನಿನಲ್ಲಿಯೇ ಉಳಿದಿದ್ದು, ನೆಟ್‌ವರ್ಕ್ ದೊರೆತ ಮೇಲೆ ಪುನಃ ಕಳುಹಿಸಬೇಕಾಗಿರುವುದುಂಟು. ಬೆಳೆ ವಿಮೆಯಲ್ಲಿ ಆಲಿಕಲ್ಲು ಮಳೆ ಮೊದಲಾದವುಗಳ ಹಾನಿಯನ್ನು 72 ತಾಸುಗಳೊಳಗೆ ತಿಳಿಸಬೇಕೆಂಬ ನಿಯಮವಿರುವಾಗ ಈ ಭ್ರಮೆಯು ಬಹು ದುಬಾರಿಯಾದೀತು. ‘ಫೋನಿನಲ್ಲಿ ಇಟ್ಟಿದೆ, ಇನ್ನೂ ಕಳುಹಿಸಿಲ್ಲ’ ಎಂಬ ಒಂದು ಸಾಲು ಸಾಕು. ತಪ್ಪಾದಾಗ ‘ಅಮಾನ್ಯ’ ಎಂದು ಗದರಿಸುವುದಕ್ಕಿಂತ ‘ಮೊಬೈಲ್ ನಂಬರಿನಲ್ಲಿ 10 ಅಂಕೆಗಳಿರಬೇಕು, 9 ಮಾತ್ರ ಇವೆ’ ಎನ್ನುವುದು ಮೇಲು.

ಗ್ರಾಮದ ಪ್ರಮುಖರು ಈ ಕಾರ್ಯಕ್ಕೆ ಬಹಳವಾಗಿ ನೆರವಾಗಬಲ್ಲರು. ಬಿತ್ತನೆ ಮುಗಿದ ಬಳಿಕ ಊರ ಚಾವಡಿಯಲ್ಲಿ ಐದಾರು ಮಂದಿ ಒಕ್ಕಲಿಗರನ್ನು, ಅದರಲ್ಲಿಯೂ ವಯಸ್ಸಾದವರನ್ನೂ ಹೆಣ್ಣುಮಕ್ಕಳನ್ನೂ, ಕೂಡಿಸಿ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿಸಬೇಕು. ಅವರಿಗೆ ಅರ್ಥವನ್ನು ಹೇಳಿಕೊಡದೆ, ಯಾವ ಶಬ್ದದಲ್ಲಿ ಬೆರಳು ತಡೆಯಿತೆಂಬುದನ್ನು ಮಾತ್ರ ಬರೆದುಕೊಂಡು, ಅದರ ಬದಲಿಗೆ ಊರಲ್ಲಿ ಬಳಕೆಯಿರುವ ಶಬ್ದದೊಡನೆ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಕೊಡಬೇಕು. ದಾಖಲೆಯಲ್ಲಿ ಈಗಾಗಲೇ ಬೆಳೆ ತಪ್ಪಾಗಿದ್ದವರು ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ತಮ್ಮ ಸರ್ವೆ ನಂಬರಿನ ವಿವರವನ್ನು ನೋಡಿ, ಅವಧಿಯೊಳಗೆ ಆಕ್ಷೇಪಣೆಯನ್ನು ಸಲ್ಲಿಸತಕ್ಕದ್ದು.